ನಾಮಿನಿ ನಾನೇ ಅಲ್ವಾ, ಅತ್ತೆಯ ಫ್ಲ್ಯಾಟ್ ನನಗೇ ತಾನೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಅಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 77. ಮಾವ ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಮಕ್ಕಳಿಲ್ಲ. ಅವರಿರುವುದು 1986ರಲ್ಲಿ ಮಾವ ಕೊಂಡ ಫ್ಲ್ಯಾಟು, ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿಯದ್ದು. ಮಾವನ ನಂತರ ಅತ್ತೆಯ ಹೆಸರಿಗೆ ಆಗಿದೆ. ಸೊಸೈಟಿಯಲ್ಲಿ ನನ್ನನ್ನು ನಾಮಿನಿ ಮಾಡಿದ್ದಾರೆ. "ನನ್ನ ಕಾಲ ಆದ್ಮೇಲೆ ಇದು ನಿಂದೇ ಕಣೋ" ಅನ್ನುತ್ತಾರೆ. ಮಾವನ ಅಣ್ಣನ ಮಕ್ಕಳು ಕುಂದಾಪುರದ ಕಡೆ ಇದ್ದಾರೆ, ಹೋಗಿ ಬಂದು ಮಾಡುವುದಿಲ್ಲ. ನಾಮಿನಿ ಆಗಿದ್ದರೆ ಸಾಕಲ್ವಾ ಸಾರ್? ಇಲ್ಲಾ ಈಗಲೇ ಅರ್ಧ ರೇಟಿಗೆ ನನ್ನ ಹೆಂಡತಿ ಹೆಸರಲ್ಲಿ ಕೊಂಡುಕೊಳ್ಳಲಾ? ಹೆಂಗಸರ ಹೆಸರಲ್ಲಿ ಸ್ಟ್ಯಾಂಪು ಖರ್ಚು ಕಡಿಮೆಯಂತೆ. ಒಬ್ಬರು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಸಿಕೊಳ್ಳಿ, ಖರ್ಚೇ ಇಲ್ಲ ಎಂದರು.

ಉತ್ತರ: ಸಾಕಾಗುವುದಿಲ್ಲ. ಇವತ್ತು ಇರುವ ಕಾಗದದಲ್ಲೇ ಅತ್ತೆ ಹೋಗಿಬಿಟ್ಟರೆ, ಆ ಫ್ಲ್ಯಾಟು ನೀವು 'ಹೋಗಿ ಬಂದು ಮಾಡುವುದಿಲ್ಲ' ಎಂದು ಬರೆದಿರುವ ಕುಂದಾಪುರದವರಿಗೆ ಹೋಗುತ್ತದೆ. ನಿಮಗೆ ಒಂದು ಬಾಗಿಲೂ ಬರುವುದಿಲ್ಲ. ಓದಿ ಗಾಬರಿಯಾಗಬೇಡಿ. ಅತ್ತೆ ಇದ್ದಾರೆ, ಮಾತಾಡುತ್ತಿದ್ದಾರೆ, ಸಹಿ ಹಾಕುತ್ತಾರೆ. ಆದ್ದರಿಂದ ಎಲ್ಲವೂ ಸರಿ ಮಾಡಿಕೊಳ್ಳುವಂಥದ್ದೇ.

ನಾನು ವಕೀಲಿ ಶುರು ಮಾಡಿದ ಮೊದಲ ಆರು ವರ್ಷ ಥಾಣೆಯಲ್ಲಿದ್ದೆ. ಆಮೇಲೆ ಶಿವಮೊಗ್ಗಕ್ಕೆ ಬಂದು ಕೂತೆ. ನಮ್ಮ ಘಟ್ಟದ ಮೇಲಿನವರ ಮುಂಬೈ ಫ್ಲ್ಯಾಟಿನ ತಕರಾರು ಎರಡೂ ಕಡೆಯಿಂದ ನೋಡಿದ್ದೇನೆ. ಇಲ್ಲಿ ನಮಗೆ ಪಹಣಿ ಗೊತ್ತು, ಖಾತೆ ಗೊತ್ತು, ವಂಶವೃಕ್ಷ ಗೊತ್ತು. ಅಲ್ಲಿನ ಸೊಸೈಟಿ ಫ್ಲ್ಯಾಟಿಗೆ ಪಹಣಿಯೂ ಇಲ್ಲ, ನಮ್ಮ ಥರದ ಖಾತೆಯೂ ಇಲ್ಲ. ನೆಲ, ಕಟ್ಟಡ ಸೊಸೈಟಿಯದ್ದು, ಅಥವಾ ಸೊಸೈಟಿಗೆ ಸೇರಬೇಕಾದದ್ದು. ನಿಮ್ಮ ಅತ್ತೆಯ ಕೈಯಲ್ಲಿರುವುದು 50 ರೂಪಾಯಿಯ ಐದೋ ಹತ್ತೋ ಷೇರು, ಆ ಷೇರಿನ ಜೊತೆ ಅಂಟಿಕೊಂಡು ಬರುವ ಆ ಫ್ಲ್ಯಾಟಿನ ಹಕ್ಕು, ಮತ್ತು 1986ರ ಅಗ್ರಿಮೆಂಟು. ಇನ್ನೂರೈವತ್ತು ರೂಪಾಯಿಯ ಷೇರ್ ಸರ್ಟಿಫಿಕೇಟಿನ ಹಿಂದೆ ನಲವತ್ತು ಲಕ್ಷದ ಮನೆ ನಿಂತಿರುತ್ತದೆ. ನಮ್ಮ ಕಡೆಯವರಿಗೆ ಇದನ್ನು ನಂಬಿಸುವುದೇ ಒಂದು ಕೆಲಸ.

ಮೊದಲು ನಾಮಿನಿ ವಿಷಯ. ನೀವು ತೋಟದವರು ಅಂದುಕೊಂಡು ಹೇಳುತ್ತೇನೆ. ಅಣ್ಣತಮ್ಮಂದಿರ ಅಡಿಕೆ ಒಟ್ಟಿಗೆ ಮಂಡಿಗೆ ಹೋಗುತ್ತದೆ. ಲೆಕ್ಕ ಅಣ್ಣನ ಹೆಸರಲ್ಲಿ, ಪಟ್ಟಿ ಅಣ್ಣನ ಹೆಸರಲ್ಲಿ, ದುಡ್ಡು ಅಣ್ಣನ ಕೈಗೆ. ಮಂಡಿಯವರು ಅಣ್ಣನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಅವರದ್ದು ತಪ್ಪೇನಿಲ್ಲ. ಹಾಗಂತ ಅಡಿಕೆಯೆಲ್ಲ ಅಣ್ಣನದ್ದಾಯಿತಾ? ಮನೆಗೆ ಬಂದ ಮೇಲೆ ತಮ್ಮಂದಿರ ಪಾಲು ಎಣಿಸಿ ಕೊಡಲೇಬೇಕು. ನಾಮಿನಿ ಅಂದರೆ ಮಂಡಿಯ ಮುಂದೆ ನಿಂತ ಅಣ್ಣ.

ಕೋರ್ಟುಗಳೂ ಹೆಚ್ಚುಕಮ್ಮಿ ಇದನ್ನೇ ಹೇಳಿವೆ. 2016ರಲ್ಲಿ ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳದ ಒಂದು ಸೊಸೈಟಿ ಫ್ಲ್ಯಾಟಿನ ಕೇಸಿನಲ್ಲಿ, ನಾಮಿನಿಯ ಹೆಸರಿಗೆ ಮಾಡಿಕೊಡುವುದು ಸೊಸೈಟಿಯ ಕರ್ತವ್ಯ ಎಂದಿತು. ಅದನ್ನು ಹಿಡಿದುಕೊಂಡು 'ನಾಮಿನಿಯೇ ಮಾಲೀಕ' ಎಂದು ತುಂಬ ಜನ ಸುದ್ದಿ ಹಬ್ಬಿಸಿದರು. ಆದರೆ ಅದೇ ತೀರ್ಪಿನಲ್ಲಿ, ಬೇರೆ ವಾರಸುದಾರರು ತಮ್ಮ ಹಕ್ಕು ಕೇಳಿಕೊಂಡು ಹೋಗಬಹುದು ಎಂದೂ ಇದೆ. ಆ ಸಾಲನ್ನು ಯಾರೂ ಓದುವುದಿಲ್ಲ. 2023ರ ಡಿಸೆಂಬರಿನಲ್ಲಿ, ಕಂಪನಿ ಷೇರಿನ ವಿಷಯದಲ್ಲಿ, ನಾಮಿನಿ ಆದ ಮಾತ್ರಕ್ಕೆ ಮಾಲೀಕನಾಗುವುದಿಲ್ಲ ಎಂದು ಅದೇ ಕೋರ್ಟು ಇನ್ನಷ್ಟು ಬಿಡಿಸಿ ಹೇಳಿತು. ಮಹಾರಾಷ್ಟ್ರದವರಂತೂ ಕಾನೂನನ್ನೇ ತಿದ್ದಿದ್ದಾರೆ. 1960ರ ಅವರ ಸಹಕಾರ ಸಂಘಗಳ ಕಾಯಿದೆಗೆ 2019ರಲ್ಲಿ ಹೌಸಿಂಗ್ ಸೊಸೈಟಿಗಳಿಗೆಂದೇ ಒಂದು ಹೊಸ ಅಧ್ಯಾಯ ಸೇರಿಸಿದರು. ಅದರ ಪ್ರಕಾರ ನಾಮಿನಿಯನ್ನು 'ಪ್ರೊವಿಷನಲ್ ಮೆಂಬರ್', ಅಂದರೆ ತಾತ್ಕಾಲಿಕ ಸದಸ್ಯ ಎಂದು ಸೇರಿಸಿಕೊಳ್ಳುತ್ತಾರೆ. ನಿಜವಾದ ಹಕ್ಕುದಾರರು ಬರುವವರೆಗೆ ಮಾತ್ರ.

ನಾಮಿನೇಷನ್ ದಂಡ ಅಂತ ಹೇಳುತ್ತಿಲ್ಲ. ಇರಲಿ. ಆದರೆ ಅದು ನಿಜವಾಗಿಯೂ ಆಗಿದೆಯಾ ನೋಡಿ. ಹೊಸನಗರದ ಕಡೆಯ ಒಬ್ಬರು ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನಾಮಿನೇಷನ್ ಫಾರಂ ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ಚಿಕ್ಕಪ್ಪನ ಸಹಿ ಇತ್ತು. ಸಾಕ್ಷಿಗಳ ಸಹಿ ಇತ್ತು. ಸೊಸೈಟಿಯ ಸೀಲು ಇರಲಿಲ್ಲ. ಅಲ್ಲಿಗೆ ಹೋಗಿ ನಾಮಿನೇಷನ್ ರಿಜಿಸ್ಟರ್ ತೆಗೆಸಿದರೆ ಆ ಫ್ಲ್ಯಾಟಿನ ಮುಂದಿನ ಕಾಲಂ ಖಾಲಿ. ಹಳೇ ಸೆಕ್ರೆಟರಿ ಫಾರಂ ಇಸಿದುಕೊಂಡು ಡ್ರಾಯರಿನಲ್ಲಿ ಹಾಕಿದ್ದವರು, ಕಮಿಟಿ ಮುಂದೆ ಇಟ್ಟೇ ಇರಲಿಲ್ಲ. ಫಾರಂ ಮೂರು ಪ್ರತಿ ಕೊಡಬೇಕು. ಕಮಿಟಿ ಮೀಟಿಂಗಿನಲ್ಲಿ ದಾಖಲಾಗಿ, ಸೀಲು ಬಿದ್ದ ಒಂದು ಪ್ರತಿ ಅತ್ತೆಯ ಕೈಗೆ ವಾಪಸ್ ಬರಬೇಕು. ಅದಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸಿ.

ಈಗ ಕುಂದಾಪುರದವರು ಎಲ್ಲಿಂದ ಬಂದರು ಅಂತ ಕೇಳುತ್ತೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಸೆಕ್ಷನ್ನಿನಿಂದ. ವಿಲ್ ಬರೆಯದೆ ಹೆಂಗಸು ತೀರಿಕೊಂಡರೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರ್ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ತವರಿನ ಕಡೆಗೆ. ನಿಮ್ಮ ಅತ್ತೆಗೆ ಈ ಫ್ಲ್ಯಾಟು ಗಂಡನಿಂದಲೇ ಬಂದಿರುವುದರಿಂದ ಇನ್ನೂ ಗಟ್ಟಿ: ಗಂಡನಿಂದ ಬಂದದ್ದು ಗಂಡನ ಕಡೆಗೇ ವಾಪಸ್. ಮಾವನ ಒಡಹುಟ್ಟಿದವರು ಯಾರಾದರೂ ಇದ್ದರೆ ಅವರಿಗೆ, ಅವರ್ಯಾರೂ ಉಳಿದಿಲ್ಲದಿದ್ದರೆ ಆ ಅಣ್ಣನ ಮಕ್ಕಳಿಗೆ. ನೀವು ತವರಿನ ಕಡೆಯವರು. ಸಾಲಿನಲ್ಲಿ ತುಂಬ ಹಿಂದೆ. ಕರಾವಳಿಯ ಅಳಿಯಸಂತಾನ ಕಟ್ಟಿನ ಮನೆತನಗಳಿಗೆ 17ನೇ ಸೆಕ್ಷನ್ನಿನಲ್ಲಿ ಈ ಕ್ರಮವೇ ಬೇರೆ ಇದೆ. ನಿಮ್ಮದು ಆ ಕಟ್ಟಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಹೆಂಗಸು ತಾನೇ ದುಡಿದು ಗಳಿಸಿದ್ದಾದರೂ ಇದೇ ಕಥೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಕೇಸು ನನಗೆ ಮರೆಯುವುದೇ ಇಲ್ಲ. ಮದುವೆಯಾಗಿ ಮೂರು ತಿಂಗಳೊಳಗೆ ಗಂಡ ಹಾವು ಕಚ್ಚಿ ಸತ್ತ. ಅತ್ತೆ ಮಾವ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕಿದರು. ತವರಿನವರು ಓದಿಸಿದರು. ಕೆಲಸಕ್ಕೆ ಸೇರಿ, ದುಡಿದು, ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ ದುಡ್ಡು ಉಳಿಸಿ 1996ರಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ದುಡ್ಡು ಯಾರಿಗೆ ಹೋಯಿತು? ಹೊರಗೆ ಹಾಕಿದ ಆ ಗಂಡನ ಮನೆಯವರಿಗೆ. ಕೋರ್ಟಿಗೂ ಇದು ಕಷ್ಟದ ಕೇಸು ಅನ್ನಿಸಿತ್ತು. ಆದರೆ ಕನಿಕರ ನೋಡಿ ಕಾನೂನನ್ನು ಬಗ್ಗಿಸಲಾಗದು ಎಂದಿತು. 'ಅವರು ಹೋಗಿ ಬಂದು ಮಾಡುವುದಿಲ್ಲ' ಅನ್ನುವ ನಿಮ್ಮ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಅಂತ ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಮಾವ ತೀರಿಕೊಂಡಾಗ ಅವರ ತಾಯಿ ಬದುಕಿದ್ದರಾ? ಗಂಡಸು ವಿಲ್ ಇಲ್ಲದೆ ಸತ್ತರೆ ಹೆಂಡತಿಯ ಜೊತೆ ತಾಯಿಯೂ ಮೊದಲನೇ ಸಾಲಿನ ವಾರಸುದಾರರು. ಆ ಅಜ್ಜಿ ಆಗ ಇದ್ದಿದ್ದರೆ ಅರ್ಧ ಅಜ್ಜಿಯದ್ದು. ಆಮೇಲೆ ಅಜ್ಜಿಯ ಮಕ್ಕಳು ಮೊಮ್ಮಕ್ಕಳದ್ದು. ಸೊಸೈಟಿಯವರು ಆಗ ಅತ್ತೆಯ ಹೆಸರಿಗೆ ಬರೆದಿದ್ದು ಹೇಗೆ? ನಾಮಿನಿ ಅಂತಲೇ ಆಗಿದ್ದರೆ, ನಿಮಗೆ ಹೇಳಿದ ಅದೇ ಮಂಡಿ ಲೆಕ್ಕ ಅತ್ತೆಗೂ. ಅಜ್ಜಿ ಮೊದಲೇ ಹೋಗಿದ್ದರೆ ಚಿಂತೆಯಿಲ್ಲ, ಅಜ್ಜಿಯ ಮರಣ ಪ್ರಮಾಣಪತ್ರದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮಾವನಿಗಿಂತ ಆಮೇಲೆ ಹೋಗಿದ್ದರೆ, ಆ ಕಡೆಯವರಿಂದ ರಿಜಿಸ್ಟರಾದ ಹಕ್ಕು ಬಿಡುಗಡೆ ಪತ್ರ ಬೇಕಾಗುತ್ತದೆ. ಆಗ ಅತ್ತೆಯೇ ಇದ್ದು ಕೇಳುವುದಕ್ಕೂ, ಅವರ ನಂತರ ನೀವು ಹೋಗಿ ಕೇಳುವುದಕ್ಕೂ ಅಜಗಜಾಂತರ. ಅತ್ತೆ ಆ ಮನೆಯ ಸೊಸೆ. ನೀವು ಯಾರು?

ಹಾಗಾದರೆ ಏನು ಮಾಡಬೇಕು? ವಿಲ್ ಬರೆಸಬೇಕು. ಅದೊಂದೇ ನಿಮ್ಮ ಔಷಧಿ. 15ನೇ ಸೆಕ್ಷನ್ನು ಬರುವುದು ವಿಲ್ ಇಲ್ಲದಾಗ ಮಾತ್ರ. ವಿಲ್ಲಿಗೆ ಸ್ಟ್ಯಾಂಪ್ ಬೇಡ. ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಆದರೆ ನೀವು ಮಾಡಿಸಿ. ಆಸ್ತಿ ಡೊಂಬಿವಲಿಯಲ್ಲಿದ್ದರೂ ವಿಲ್ ಮಾತ್ರ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇಕಾದರೂ ರಿಜಿಸ್ಟರ್ ಮಾಡಿಸಬಹುದು. ಅತ್ತೆ ಎಳ್ಳಮಾವಾಸ್ಯೆ ಜಾತ್ರೆಗೋ ಮನೆಯ ಮದುವೆಗೋ ಊರಿಗೆ ಬಂದಾಗ ತೀರ್ಥಹಳ್ಳಿಯಲ್ಲೇ ಆಗುತ್ತದೆ. ಓಡಾಡಲು ಆಗದಿದ್ದರೆ, ಅರ್ಜಿ ಕೊಟ್ಟು ಅಧಿಕಾರಿಯನ್ನೇ ಮನೆಗೆ ಕರೆಸಿಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ.

ಬರೆಸುವಾಗ ನಾಲ್ಕು ಮಾತು. 'ನನ್ನ ಡೊಂಬಿವಲಿ ಮನೆ' ಅಂತ ಬರೆದು ಮುಗಿಸಬೇಡಿ. ಫ್ಲ್ಯಾಟ್ ನಂಬರು, ಸೊಸೈಟಿಯ ನೋಂದಣಿ ನಂಬರು, ಷೇರ್ ಸರ್ಟಿಫಿಕೇಟಿನ ನಂಬರು, ಯಾವ ನಂಬರಿನಿಂದ ಯಾವ ನಂಬರಿನವರೆಗಿನ ಷೇರು, ಎಲ್ಲ ಇರಲಿ. ಆಮೇಲೆ, ಇದನ್ನು ದಯವಿಟ್ಟು ಮರೆಯಬೇಡಿ, 1986ರ ಕಟ್ಟಡ ಅಂದರೆ ಇವತ್ತಲ್ಲ ನಾಳೆ ರೀಡೆವಲಪ್‌ಮೆಂಟಿಗೆ ಹೋಗುತ್ತದೆ. ಹಳೇದನ್ನು ಕೆಡವಿ ಬಿಲ್ಡರು ಹೊಸದು ಕಟ್ಟಿಕೊಡುತ್ತಾನೆ, ಅಲ್ಲಿಯವರೆಗೆ ಬಾಡಿಗೆ ಕೊಡುತ್ತಾನೆ, ಜೊತೆಗೆ 'ಕಾರ್ಪಸ್' ಅಂತ ಒಂದಿಷ್ಟು ಇಡಿಗಂಟು. ವಿಲ್ಲಿನಲ್ಲಿ 'ಎರಡನೇ ಮಹಡಿಯ 9ನೇ ನಂಬರಿನ ಫ್ಲ್ಯಾಟು' ಎಂದಷ್ಟೇ ಇದ್ದು, ಅತ್ತೆ ಹೋಗುವ ಹೊತ್ತಿಗೆ ಆ ಕಟ್ಟಡವೇ ಇಲ್ಲದಿದ್ದರೆ? ಕೊಟ್ಟ ವಸ್ತುವೇ ಇಲ್ಲ ಎಂದು ಎದುರಿನ ವಕೀಲರು ವಾದ ಹೂಡುತ್ತಾರೆ. ಅದಕ್ಕೇ 'ಈ ಫ್ಲ್ಯಾಟು, ಅಥವಾ ಇದರ ಬದಲಿಗೆ ಸಿಗುವ ಫ್ಲ್ಯಾಟು, ಬಾಡಿಗೆ, ಕಾರ್ಪಸ್, ಬೇರೆ ಯಾವುದೇ ಹಣ' ಎಂದು ಸ್ಪಷ್ಟವಾಗಿ ಸೇರಿಸಿ. ಗಂಡನ ಕಡೆಯವರಿಗೆ ಯಾಕೆ ಕೊಟ್ಟಿಲ್ಲ ಎಂದು ಅತ್ತೆಯ ಮಾತಿನಲ್ಲೇ ಒಂದು ಸಾಲು ಇದ್ದರೆ ಚೆನ್ನ. ಬೈಗುಳ ಬೇಡ, ಕಾರಣ ಸಾಕು.

ಭಾಷೆಯೂ ನೋಡಿ. ಚಂದದ ಕೈಬರಹದಲ್ಲಿ ಕನ್ನಡದಲ್ಲಿ ಬರೆದ ವಿಲ್ಲು ತಪ್ಪೇನಲ್ಲ. ಆದರೆ ಅದನ್ನು ಓದಬೇಕಾದ ಕಮಿಟಿಯವರಿಗೆ ಮರಾಠಿ ಬರುತ್ತದೆ, ಇಂಗ್ಲಿಷ್ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಸಿ, ಕೊನೆಯಲ್ಲಿ 'ಕನ್ನಡದಲ್ಲಿ ಓದಿ ಹೇಳಲಾಯಿತು, ಒಪ್ಪಿ ಸಹಿ ಮಾಡಿದ್ದೇನೆ' ಎಂದು ಹಾಕಿಸಿ. ಸಾಕ್ಷಿಗಳು ಅತ್ತೆಯ ಓರಗೆಯವರು ಬೇಡ. ವಿಲ್ ಹೊರಗೆ ಬರುವ ಹೊತ್ತಿಗೆ ಅವರೂ ಇರುವುದಿಲ್ಲ. ನಲವತ್ತರ ಆಸುಪಾಸಿನವರು, ಕರೆದರೆ ಬರುವಂಥವರು ಇರಲಿ. ಒಬ್ಬರು ಅತ್ತೆಯನ್ನು ನೋಡುವ ಡಾಕ್ಟರಾದರೆ ಇನ್ನೂ ಒಳ್ಳೆಯದು. ನೀವು, ನಿಮ್ಮ ಹೆಂಡತಿ ಸಾಕ್ಷಿ ಹಾಕಬೇಡಿ. ಬರೆಸುವ ದಿನ ನೀವು ಆ ಕೋಣೆಯಲ್ಲೂ ಇರಬೇಡಿ, ಹೊರಗೆ ಹೋಗಿ ಕಾಫಿ ಕುಡಿಯಿರಿ. 'ಅಳಿಯ ಪಕ್ಕದಲ್ಲೇ ಕೂತು ಬರೆಸಿಕೊಂಡ' ಅನ್ನುವ ಮಾತಿಗೆ ದಾರಿ ಯಾಕೆ? ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದು ಎಂದು ಕೋರ್ಟು ಕೊಡುವ ಪ್ರಮಾಣಪತ್ರ, ಬೇಕಾ ಅಂತ ಯಾರಾದರೂ ಹೆದರಿಸಿದರೆ, ಡೊಂಬಿವಲಿ ಥಾಣೆ ಜಿಲ್ಲೆ. ತೀರ್ಥಹಳ್ಳಿಯಲ್ಲಿ ಬರೆದ ವಿಲ್ಲಿಗೆ, ಅಲ್ಲಿನ ಆಸ್ತಿಗೆ, ಅದು ಕಡ್ಡಾಯವಲ್ಲ.

ಇನ್ನು ನಿಮ್ಮ ಅರ್ಧ ರೇಟಿನ ಯೋಚನೆ. ಮಹಾರಾಷ್ಟ್ರದಲ್ಲಿ ಹೆಂಗಸರು ಮನೆ ಕೊಂಡರೆ ಶೇಕಡ 1 ರಿಯಾಯಿತಿ ಇರುವುದು ನಿಜ. ಈಗ ಲೆಕ್ಕ ಹಾಕೋಣ. ಸರ್ಕಾರದ ರೆಡಿ ರೆಕನರ್ ಬೆಲೆ 40 ಲಕ್ಷ ಅಂತಿಟ್ಟುಕೊಳ್ಳಿ. ನೀವು 20 ಲಕ್ಷ ಕೊಟ್ಟರೂ ಮುದ್ರಾಂಕ ಶುಲ್ಕ 40 ಲಕ್ಷಕ್ಕೇ. ಆ ಕಡೆ ಅದು ಶೇಕಡ 7ರ ಲೆಕ್ಕ, 2 ಲಕ್ಷ 80 ಸಾವಿರ. ನೋಂದಣಿ ಶುಲ್ಕ ಶೇಕಡ 1, ಆದರೆ 30 ಸಾವಿರಕ್ಕಿಂತ ಜಾಸ್ತಿ ಇಲ್ಲ. ಹೆಂಡತಿ ಹೆಸರಾದರೆ 40 ಸಾವಿರ ಉಳಿತಾಯ. ಖುಷಿಯಾಯ್ತಾ? ಈಗ ಆದಾಯ ತೆರಿಗೆಗೆ ಬನ್ನಿ. ಸರ್ಕಾರಿ ಬೆಲೆಗಿಂತ ತೀರಾ ಕಡಿಮೆಗೆ ಆಸ್ತಿ ಸಿಕ್ಕರೆ, ಆ ವ್ಯತ್ಯಾಸವನ್ನು ಕೊಂಡವರ ಆದಾಯ ಎಂದು ಹಿಡಿಯುತ್ತಾರೆ. 'ಸಂಬಂಧಿ'ಯಿಂದ ಬಂದರೆ ವಿನಾಯಿತಿ. ಆ ಸಂಬಂಧಿಗಳ ಪಟ್ಟಿಯಲ್ಲಿ ಅಪ್ಪ ಅಮ್ಮನ ಒಡಹುಟ್ಟಿದವರು ಇದ್ದಾರೆ. ಹಾಗಾಗಿ ನಿಮಗೆ ಅತ್ತೆ ಸಂಬಂಧಿ. ಆದರೆ ಗಂಡನ ಅಪ್ಪನ ತಂಗಿ ಆ ಪಟ್ಟಿಯಲ್ಲಿಲ್ಲ. ಕಾನೂನಿನ ಕಣ್ಣಿಗೆ ನಿಮ್ಮ ಹೆಂಡತಿಗೂ ನಿಮ್ಮ ಅತ್ತೆಗೂ ನಂಟೇ ಇಲ್ಲ! ವ್ಯತ್ಯಾಸದ 20 ಲಕ್ಷ ಹೆಂಡತಿಯ ಆದಾಯವಾಗುತ್ತದೆ. ಬೇರೆ ಒಂದು ರೂಪಾಯಿ ಆದಾಯ ಇಲ್ಲದಿದ್ದರೂ, 2025-26ರ ಹೊಸ ಪದ್ಧತಿಯ ಸ್ಲ್ಯಾಬಿನಲ್ಲಿ ತೆರಿಗೆ ಸೆಸ್ಸು ಸೇರಿ 2 ಲಕ್ಷ 8 ಸಾವಿರ. ನಲವತ್ತು ಸಾವಿರ ಉಳಿಸಲು ಹೋಗಿ ಎರಡು ಲಕ್ಷ ಕಳೆದುಕೊಂಡ ಹಾಗೆ.

ನಿಮ್ಮ ಹೆಸರಲ್ಲೇ ಕೊಂಡರೆ ನಿಮಗೆ ಆ ತೆರಿಗೆ ಇಲ್ಲ. ಆದರೆ ಅತ್ತೆಗೆ ಇದೆ. ಅವರ ಕೈಗೆ ಬಂದದ್ದು 20 ಲಕ್ಷವಾದರೂ, ಲಾಭ ಲೆಕ್ಕ ಹಾಕುವುದು 40 ಲಕ್ಷಕ್ಕೆ ಮಾರಿದರು ಎಂದೇ. 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಎಂದು ಹಿಡಿದು, ಶೇಕಡ 12.5, ಇಲ್ಲವೇ ಹಣದುಬ್ಬರ ಕಳೆದು ಶೇಕಡ 20, ಯಾವುದು ಕಡಿಮೆಯೋ ಅದು. 77ರ ಮುದುಕಿಯ ತಲೆಗೆ ಇದೆಲ್ಲ ಯಾಕೆ? ಸೊಸೈಟಿಗೂ ಒಂದಿಷ್ಟು ಕೊಡಬೇಕು. ಹೆಸರು ಬದಲಾಯಿಸಲು ಸೊಸೈಟಿ ಕೇಳುವ ಆ ಹಣಕ್ಕೆ ಟ್ರಾನ್ಸ್‌ಫರ್ ಪ್ರೀಮಿಯಂ ಅನ್ನುತ್ತಾರೆ. ಸ್ವಂತ ಕುಟುಂಬದವರಿಗೆ, ವಾರಸುದಾರರಿಗೆ ಅದಿಲ್ಲ. ಸೊಸೈಟಿಗಳ ಮಾದರಿ ಉಪವಿಧಿಯ (ಬೈಲಾ) ಕುಟುಂಬದ ಪಟ್ಟಿಯಲ್ಲಿ ಅಣ್ಣ, ತಮ್ಮ, ಮೊಮ್ಮಗ ಎಲ್ಲ ಇದ್ದಾರೆ, ಅಣ್ಣನ ಮಗ ಇಲ್ಲ. ಹಾಗಾಗಿ ಕೊಂಡರೆ 25 ಸಾವಿರದವರೆಗೆ ಕೇಳಬಹುದು. ಅದಕ್ಕಿಂತ ಜಾಸ್ತಿ 'ಡೊನೇಷನ್' ಅಂತ ಕೇಳಿದರೆ ಕೊಡಬೇಡಿ. ದಾನಪತ್ರ ಮಾಡಿಸಿದರೂ ಅಣ್ಣನ ಮಗನಿಗೆ ಸ್ಟ್ಯಾಂಪಿನಲ್ಲಿ ರಿಯಾಯಿತಿ ಇಲ್ಲ, ಕ್ರಯದಷ್ಟೇ ಖರ್ಚು.

ಹಣಕ್ಕಿಂತ ಬೇರೆ ಮಾತೂ ಇದೆ. ಒಬ್ಬಂಟಿ ಹೆಂಗಸಿನ ತಲೆ ಮೇಲಿನ ಸೂರು ಅವರ ಹೆಸರಲ್ಲೇ ಇರಲಿ ಅನ್ನುವುದು ನನ್ನ ಹಟ. ನೀವು ಒಳ್ಳೆಯವರೇ ಇರಬಹುದು. ನಾಳೆ ನಿಮಗೇ ಏನಾದರೂ ಆದರೆ, ಅತ್ತೆ ನಿಮ್ಮ ಹೆಂಡತಿ ಮಕ್ಕಳ ಹಂಗಿನಲ್ಲಿ ಇರಬೇಕಾ? ಅತ್ತೆಗೆ ಈಗ ಆಸ್ಪತ್ರೆಗೋ ಮತ್ತೊಂದಕ್ಕೋ ನಿಜವಾಗಿ ದುಡ್ಡು ಬೇಕಾಗಿದ್ದರೆ ಮಾತು ಬೇರೆ. ಆಗ ಸರಿಯಾದ ಬೆಲೆ ಕೊಟ್ಟು, ಬ್ಯಾಂಕಿನ ಮೂಲಕವೇ ಕೊಟ್ಟು, ಅವರು ಬದುಕಿರುವವರೆಗೆ ಅಲ್ಲೇ ಇರುತ್ತಾರೆ ಎಂದು ಪತ್ರದಲ್ಲೇ ಬರೆಸಿ ಕೊಂಡುಕೊಳ್ಳಿ.

ಜಿಪಿಎ ಹೇಳಿದವರ ಮಾತು ಬಿಡಿ. ಕೊಟ್ಟವರು ಸತ್ತ ದಿನವೇ ಅದೂ ಸತ್ತಿತು. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ.

ಸೊಸೈಟಿ ಮೀಟಿಂಗಿಗೆ ಹೋಗಿ ಬರಲು ಅತ್ತೆಗೆ ಕಷ್ಟವಾಗುತ್ತಿದ್ದರೆ ಒಂದು ದಾರಿಯಿದೆ. ಅವರ ಲಿಖಿತ ಶಿಫಾರಸಿನ ಮೇಲೆ ನೀವು 'ಅಸೋಸಿಯೇಟ್ ಮೆಂಬರ್' ಆಗಬಹುದು. 2019ರ ತಿದ್ದುಪಡಿಯ ಆ ಪಟ್ಟಿಯಲ್ಲಿ ಅಣ್ಣತಮ್ಮಂದಿರ ಮಕ್ಕಳೂ ಇದ್ದಾರೆ. ಅವರ ಪರವಾಗಿ ಕೂರಬಹುದು, ರೀಡೆವಲಪ್‌ಮೆಂಟಿನ ಮಾತುಕತೆ ಕೇಳಬಹುದು. ಮಾಲೀಕತ್ವ ಮಾತ್ರ ಅದರಿಂದಲೂ ಬರುವುದಿಲ್ಲ.

ಮುಂದೆ ಯಾವತ್ತೋ ಆ ದಿನ ಬಂದಾಗ ಸೊಸೈಟಿ ಕೆಲಸ ದೊಡ್ಡದಲ್ಲ. ಮರಣ ಪ್ರಮಾಣಪತ್ರ, ವಿಲ್ಲು, ಅರ್ಜಿ, ಇಂಡೆಮ್ನಿಟಿ ಬಾಂಡು (ಮುಂದೆ ತಕರಾರು ಬಂದರೆ ಸೊಸೈಟಿಯ ನಷ್ಟಕ್ಕೆ ನಾನೇ ಹೊಣೆ ಎನ್ನುವ ಮುಚ್ಚಳಿಕೆ), 500 ರೂಪಾಯಿ ಟ್ರಾನ್ಸ್‌ಫರ್ ಶುಲ್ಕ, 100 ರೂಪಾಯಿ ಪ್ರವೇಶ ಶುಲ್ಕ. ಮೇಂಟೆನೆನ್ಸ್ ಬಾಕಿ ಇದ್ದರೆ ವರ್ಷಕ್ಕೆ ಶೇಕಡ 21ರವರೆಗೆ ಬಡ್ಡಿ ಹಾಕುತ್ತಾರೆ, ಈಗಲೇ ಒಮ್ಮೆ ನೋಡಿ ಚುಕ್ತಾ ಮಾಡಿಸಿ. ನೀವು ಊರಲ್ಲಿದ್ದು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟರೆ ಸರ್ವಿಸ್ ಚಾರ್ಜಿನ ಶೇಕಡ 10ರಷ್ಟು ಹೆಚ್ಚಿಗೆ ಕೊಡಬೇಕು, ಅಷ್ಟೇ. ವಿಲ್ಲಿನಿಂದ ಬಂದ ಮನೆಗೆ ಆದಾಯ ತೆರಿಗೆ ಇಲ್ಲ. ಮಾರಿದಾಗ ಮಾತ್ರ ಬರುತ್ತದೆ.

ಆದರೆ ಹೋಗಿ ಕಟ್ಟಡ ನೋಡಿ ಬನ್ನಿ. ಆಗುಂಬೆ ಇಳಿದು ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಿಗ್ಗೆ ಥಾಣೆ, ಅಲ್ಲಿಂದ ಲೋಕಲ್. ಸೆಕ್ರೆಟರಿ ಹತ್ತಿರ ಮೂರು ಕೇಳಿ. ನೆಲ ಸೊಸೈಟಿ ಹೆಸರಿಗೆ ಆಗಿದೆಯಾ, ಇಲ್ಲಾ ಇನ್ನೂ ಹಳೇ ಬಿಲ್ಡರ್ ಹೆಸರಲ್ಲೇ ಇದೆಯಾ? ಕಟ್ಟಡಕ್ಕೆ ಪಾಲಿಕೆಯ ಅನುಮತಿ ಕಾಗದ ಇದೆಯಾ? ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು, ಕೊನೆಯದು ಯಾವಾಗ ಆಯಿತು? ಮೂರಕ್ಕೂ ಅವರು ತಲೆ ಕೆರೆದುಕೊಂಡರೆ, ರೀಡೆವಲಪ್‌ಮೆಂಟಿನ ದುಡ್ಡನ್ನು ಈಗಲೇ ಎಣಿಸಬೇಡಿ.

ಕಾಗದ ತೆಗೆದುಕೊಂಡು ನನ್ನ ಹತ್ತಿರ ಬರುವುದಾದರೆ 1986ರ ಅಗ್ರಿಮೆಂಟು, ಅದರ ನೋಂದಣಿ ರಸೀದಿ, ಮಾವನ ಮರಣ ಪ್ರಮಾಣಪತ್ರ ತನ್ನಿ. ಷೇರ್ ಸರ್ಟಿಫಿಕೇಟಿನ ಜೆರಾಕ್ಸು ಎರಡೂ ಕಡೆಯದ್ದು ಬೇಕು. ಎಲ್ಲರೂ ಮುಂಭಾಗ ಮಾತ್ರ ತೆಗೆಸಿಕೊಂಡು ಬರುತ್ತಾರೆ. ಮಾವನ ಹೆಸರಿನಿಂದ ಅತ್ತೆಯ ಹೆಸರಿಗೆ ಯಾವ ತಾರೀಕು ಆಯಿತು, ಯಾರು ಸಹಿ ಹಾಕಿದರು ಅನ್ನುವುದು ಇರುವುದು ಹಿಂಭಾಗದಲ್ಲಿ.